ಟೀಮಿನ ಸೈಕಲ್ಲು

"ಅಪ್ಪ, ನನ್ನ ಹಳೇ ಸೈಕಲ್ ಮೇಲೆ ಟೀಮಿನ ಸೈಕಲ್ ಕಂಪನಿ ಹೆಸರು ಬರೆಸ್ಕೊಡು. ಬಣ್ಣಾನೂ ಅದೇ ಇರ್ಲಿ. ಯಾರಿಗೂ ಗೊತ್ತಾಗ್ಬಾರ್ದು" ಎಂದಳು ಸ್ಪಂದನ.

ಮಲ್ಲತ್ತಹಳ್ಳಿಯ ತನ್ನ ಸೈಕಲ್ ಅಂಗಡಿಯಲ್ಲಿ ಚಕ್ರದ ಬೆಂಡು ತೆಗೆಯುತ್ತಿದ್ದ ಮುತ್ತುರಾಜ ತಲೆ ಎತ್ತಿದ. ಮಗಳು ರೇಸಿಂಗ್ ಟೀಮು ಸೇರಿ ತಿಂಗಳಾಗಿತ್ತು. ಅವರು ಕೊಟ್ಟ ಫಾರಿನ್ ಸೈಕಲ್ಲಿನ ಬೆಲೆ ಕೇಳಿ ಇಡೀ ಬೀದಿ ಮೂಗಿನ ಮೇಲೆ ಬೆರಳಿಟ್ಟಿತ್ತು. ಆದರೆ ಅದನ್ನು ಹತ್ತಿದಂದಿನಿಂದ ಹುಡುಗಿ ಹಿಂದೆ ಬೀಳುತ್ತಲೇ ಇದ್ದಳು. ಭಾನುವಾರ ಕೊನೆಯ ಆಯ್ಕೆ, ಅದೂ ಟೀಮಿನ ಸೈಕಲ್ಲಿನ ಮೇಲೇ. ಅವತ್ತೂ ಹಿಂದುಳಿದರೆ ಟೀಮಿನಿಂದ ನೇರ ಮನೆಗೆ.

"ಅದು ಮೋಸ ಅಲ್ವೇನಮ್ಮ?"

"ದೊಡ್ಡ ದೊಡ್ಡ ರೇಸರ್‌ಗಳೇ ಹಂಗ್ ಮಾಡ್ತಾರಂತೆ. ಓಡ್ಸೋದು ತಮಗೆ ಬೇಕಾದ್ದು, ಹೆಸರು ಮಾತ್ರ ದುಡ್ಡು ಕೊಟ್ಟೋರ್ದು. ನಂಗೆ ಈ ಕಂಪನಿ ಆಗಿಬರಲ್ಲಪ್ಪ. ನೀನು ಕಟ್ಟಿದ್ದೇ ಬೇಕು."

ಮುತ್ತುರಾಜನಿಗೆ ಒಳಗೊಳಗೇ ಹಬ್ಬ. ಗುಜರಿಯಿಂದ ತಂದ ಫ್ರೇಮಿಗೆ ತಾನೇ ಊರೆಲ್ಲ ಅಲೆದು ಒಂದೊಂದು ಭಾಗ ಜೋಡಿಸಿದ ಸೈಕಲ್ಲು ಫಾರಿನ್ನಿನದಕ್ಕೆ ಮಣ್ಣು ಮುಕ್ಕಿಸಿತೆಂದರೆ ಯಾವ ಮೆಕ್ಯಾನಿಕ್ಕಿನ ಎದೆ ಉಬ್ಬುವುದಿಲ್ಲ ಹೇಳಿ. ಬಣ್ಣದ ಡಬ್ಬಿ ಹುಡುಕಲು ಎದ್ದೇಬಿಟ್ಟ. ಆದರೆ ಹೆಂಡತಿಗೆ ಬೇಕಾದರೆ ಸುಳ್ಳು ಹೇಳಿಯಾನು, ಸೈಕಲ್ಲಿನ ವಿಷಯದಲ್ಲಿ ಅವನಿಗೆ ಅದು ಬಾರದು. "ಎರಡನ್ನೂ ಕೆರೆ ರಸ್ತೆಗೆ ತಗೊಂಬಾ. ಮೊದ್ಲು ಕಣ್ಣಾರೆ ನೋಡ್ತೀನಿ" ಎಂದ.

ಹಳೆಯದನ್ನು ಏರಿ ಸ್ಪಂದನ ಬಾಣದ ಹಾಗೆ ಹೋದಳು. ಕೆರೆಯ ತಿರುವಿನಲ್ಲಿ ನೆಲ ಮುಟ್ಟುವಷ್ಟು ಬಾಗಿ, ಬ್ರೇಕು ಮುಟ್ಟದೆ ಬಂದು, ಸೈಕಲ್ಲನ್ನು ಬೇಲಿಗೆ ಧೊಪ್ಪನೆ ಒರಗಿಸಿದಳು. ಇನ್ನೊಂದನ್ನು ಅವಳ ತಾಯಿ ಕಮಲಾಕ್ಷಮ್ಮ ಎಳೆಗೂಸಿನಂತೆ ಹಿಡಿದು ನಿಂತಿದ್ದಳು. ಹೊಸ ಸೋಫಾದ ಕವರು ವರ್ಷಗಟ್ಟಲೆ ಬಿಚ್ಚದ ಮನೆ ಅದು. ಟೀಮಿನ ಸೈಕಲ್ಲಿಗೂ ಆಕೆ ಉದ್ದಕ್ಕೂ ಪ್ಲಾಸ್ಟಿಕ್ ಸುತ್ತಿಟ್ಟಿದ್ದಳು.

"ಹುಷಾರು ಕಣೇ. ಒಂದು ಗೀರು ಬಿದ್ರೂ ಅವ್ರಿಗೆ ಏನಂತ ಹೇಳ್ತೀಯ?" ಎಂದು ಮಗಳ ಕೈಗಿತ್ತಳು.

ನೆಟ್ಟಗಿನ ರಸ್ತೆಯಲ್ಲಿ ಆ ಸೈಕಲ್ಲು ಹಳೆಯದಕ್ಕಿಂತ ಜೋರಾಗಿಯೇ ಓಡಿತು. ತಿರುವು ಇನ್ನೂ ಅಷ್ಟು ದೂರ ಇರುವಾಗಲೇ ಸ್ಪಂದನಳ ಬೆರಳುಗಳು ಬ್ರೇಕು ಹಿಡಿದವು. ಮದುಮಗಳ ಹಾಗೆ ಮೆಲ್ಲಗೆ ತಿರುಗಿಸಿಕೊಂಡು ಬಂದಳು.

"ತಿರುವಲ್ಲಿ ಯಾಕೆ ಬ್ರೇಕ್ ಹಿಡಿದೆ?"

"ಬಿದ್ರೆ? ಇಷ್ಟು ದುಬಾರಿ ಸೈಕಲ್ಲಪ್ಪ."

"ನನ್ನ ಸೈಕಲ್ಲಿಂದ ನೀನು ಬಿದ್ದೇ ಇಲ್ವಾ?"

"ಎಷ್ಟೊಂದ್ಸಲ. ಅವಾಗ ನೀನು ನನ್ನ ಮೊಣಕಾಲು ನೋಡ್ತಿದ್ದೆ, ಸೈಕಲ್ ನೋಡ್ತಿರ್ಲಿಲ್ಲ."

ಮುತ್ತುರಾಜ ಅವಳ ಬೆನ್ನು ತಟ್ಟಿದ. ಮಗಳ ಮೇಲೆ ಉಕ್ಕಿದ ಅಕ್ಕರೆಗೋ, ತಾನು ಈಗ ಆಡಬೇಕಾಗಿದ್ದ ಮಾತಿಗೋ, ಅವನಿಗೇ ತಿಳಿಯಲಿಲ್ಲ.

"ಕಂಪನಿದೇನೂ ತಪ್ಪಿಲ್ಲ ಕಣಮ್ಮ. ನಾನು ಕಟ್ಟಿದ್ದಕ್ಕಿಂತ ಇದೇ ಚೆನ್ನಾಗಿದೆ. ಹೇಳೋಕೆ ನಂಗೆ ಹೊಟ್ಟೆ ಉರಿಯತ್ತೆ, ಆದ್ರೂ ನಿಜ. ನೀನು ಇದನ್ನ ಓಡಿಸ್ತಾ ಇಲ್ಲ, ಕಾಯ್ತಾ ಇದೀಯ."

ಹಾಗೆಂದವನೇ ಕೂತು ಪ್ಲಾಸ್ಟಿಕ್ಕನ್ನೆಲ್ಲ ಸರಸರನೆ ಕಿತ್ತ. ಜೇಬಿನಿಂದ ಸ್ಪ್ಯಾನರು ತೆಗೆದ. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯ ಸೈಕಲ್ಲಿಗೂ ಗಾಯ ಮಾಡದ ಕೈ ಅದು. ಆದರೂ ಆ ಹೊಳೆಯುವ ಹೆಸರಿನ ನಟ್ಟನಡುವೆ ಸ್ಪ್ಯಾನರಿನ ತುದಿಯಿಂದ ಬೆರಳುದ್ದ ಬಣ್ಣ ಕೆರೆದ. ಕಮಲಾಕ್ಷಮ್ಮ "ಅಯ್ಯೋ ಶಿವನೇ" ಎಂದು ಕಣ್ಣು ಮುಚ್ಚಿಕೊಂಡಳು.

"ಕೇಳಿದ್ರೆ, ನಮ್ಮಪ್ಪ ಗೀಚಿದ್ದು ಅಂತ ಹೇಳು" ಎಂದ ಮುತ್ತುರಾಜ, ಸೈಕಲ್ಲನ್ನು ಮಗಳ ಕಡೆ ತಳ್ಳುತ್ತಾ. "ಇನ್ನು ಹೋಗು. ಧೈರ್ಯವಾಗಿ ಬೀಳು."