ಹನ್ನೊಂದಕ್ಕೇ ಊಟದ ಗಂಟೆ

ಠಣ್ ಠಣ್ ಎಂದು ಊಟದ ಗಂಟೆ ಬಾರಿಸಿದ್ದೇ ತಡ, ನರ್ಮದಾ ಟೀಚರ ಮಾತು ಬಾಯಲ್ಲೇ ಉಳಿಯಿತು. ಶಾಲೆಯ ಹೊಸ ನರ್ಸರಿ ತರಗತಿಯನ್ನು ಅವರು ಪಾಲಕರಿಗೆ ಪರಿಚಯಿಸುತ್ತಿದ್ದರು. ಊಟಕ್ಕೆ ಇನ್ನೂ ಎರಡು ತಾಸಿತ್ತು. ತಿರುಗಿ ನೋಡಿದರೆ, ಪಾಲಕರ ಜೊತೆ ಬಂದಿದ್ದ ರಾಜಮಾಳ ನಾಲ್ಕು ವರ್ಷದ ಮೊಮ್ಮಗಳು ನಿಲೋಫರ್, ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಬೇವಿನ ಗಿಡಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಮನಸಾರೆ ಬಡಿಯುತ್ತಿದ್ದಳು.

ಎಂಬತ್ತು ಮಕ್ಕಳು ತಾಟು ಹಿಡಿದು ಅಂಗಳಕ್ಕೆ ನುಗ್ಗಿದರು. "ಏ, ಅಕ್ಕೀನ ಇನ್ನೂ ತೊಳದಿಲ್ರೋ!" ಎಂದು ಅಡುಗೆಯಾಕೆ ಸೌಟು ಎತ್ತಿ ಕೂಗಿದಳು. ಟೀಚರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುನವಳ್ಳಿಯ ಕಾನ್ವೆಂಟಿನ ಪ್ರವೇಶದ ಫಾರ್ಮು ಕೈಯಲ್ಲಿ ಹಿಡಿದೇ ಬಂದಿದ್ದ ರಾಜಮಾ, "ಇಲ್ಲೆ ಶಿಸ್ತು ಐತೇನ್ರಿ?" ಎಂದು ಈಗಷ್ಟೇ ಕೇಳಿದ್ದಳು.

ಗಂಟೆ ಬಾರಿಸಿದವಳು ಯಾರೆಂದು ಕಂಡ ಐದನೆಯ ತರಗತಿಯ ಶರ್ವರಿ ಗೊಳ್ಳೆಂದು ನಕ್ಕಳು. ಸರಳು ಬಿಡಿಸಿಕೊಂಡು, ಆ ಪುಟ್ಟ ಕೈಗಳನ್ನು ನಳದಡಿ ತೊಳೆದು ತನ್ನ ಲಂಗಕ್ಕೇ ಒರೆಸಿ, ನಿಲೋಫರಳನ್ನು ಪಕ್ಕಕ್ಕೆ ಕೂಡಿಸಿಕೊಂಡು ತನ್ನ ತಾಟನ್ನೇ ಅವಳ ಮುಂದಿಟ್ಟಳು. ಉಳಿದವರೂ ರೂಢಿಯಂತೆ ದೊಡ್ಡವರೊಬ್ಬರ ಪಕ್ಕ ಚಿಕ್ಕವರೊಬ್ಬರಾಗಿ ಸಾಲುಗಟ್ಟಿದರು. ಯಾರೂ ಹೇಳಿರಲಿಲ್ಲ. "ಅನ್ನಾ ಆಗೂತನಕ ಕಥಿ ಹೇಳ್ಲೇನು?" ಎಂದಳು ಶರ್ವರಿ. ನಿಲೋಫರ್ ಗಂಭೀರವಾಗಿ ತಲೆಯಾಡಿಸಿದಳು.

ರಾಜಮಾ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು. ಆಮೇಲೆ ಕಾನ್ವೆಂಟಿನ ಫಾರ್ಮನ್ನು ಕಟ್ಟೆಯ ಧೂಳಿನ ಮೇಲೆ ಹಾಸಿ, ಅದರ ಮೇಲೆ ಆರಾಮಾಗಿ ಕುಳಿತಳು.

"ಅಕ್ಕೋರ, ನಾಳಿಂದ ಆ ಸರಳು ಎತ್ತರದಾಗ ಇಡ್ರಿ. ಇಲ್ಲಂದ್ರ ಇಕಿ ದಿನಾ ಹನ್ನೊಂದಕ್ಕ ಊಟಕ್ಕ ಬಿಡಸ್ತಾಳ."