ಒಳಗೆ ಬರಲು ಒಂದು ನೆನಪು

ತಾಯಂದಿರ ಆನ್‌ಲೈನ್ ಬಳಗಕ್ಕೆ ಸೇರಬೇಕಾದರೆ ತಲೆಯೊಳಗಿನ ಒಂದು ನೆನಪನ್ನು ಕೊಡಬೇಕು. ಕೊಟ್ಟದ್ದು ಮರಳಿ ಬರುವುದಿಲ್ಲ. ಬಳಗದಲ್ಲಿ ಇಲ್ಲದವರ ಮಕ್ಕಳನ್ನು ಊರಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಹಾಗಾಗಿ ಕೆಲಸಕ್ಕೆ ಹೋಗುವವರೆಲ್ಲ ಕೊಡುತ್ತಿದ್ದರು.

ಹೊಸಬರನ್ನು ಸೇರಿಸಿಕೊಳ್ಳುವ ಕೆಲಸ ನಾಗವೇಣಿಯ ಕೈಗೆ ಬಂದ ಮೇಲೆ ಎಲ್ಲ ಸಲೀಸಾಗಿತ್ತು. ಬಸ್ಸಿಗೆ ಕಾದದ್ದೋ, ನಿನ್ನೆ ತಿಂದ ಉಪ್ಪಿಟ್ಟೋ, ಯಾವುದಾದರೊಂದು ಬೇಡದ ನೆನಪನ್ನು ತೆಗೆದುಕೊಂಡು ಒಳಗೆ ಬಿಡುತ್ತಿದ್ದಳು.

ಇವತ್ತು ಪರದೆಯ ಮೇಲೆ ಕಂಡ ಮುಖ ವಿಶಾಲಾಕ್ಷಿಯದು. ಹಿಂದೆ ಇದೇ ಕೆಲಸದಲ್ಲಿದ್ದವಳು. ಬಳಗ ಕಟ್ಟಿದವರಲ್ಲಿ ಒಬ್ಬಳಾದ್ದರಿಂದ ತಾನೆಂದೂ ಏನನ್ನೂ ಕೊಟ್ಟವಳಲ್ಲ. ಊರು ಬಿಟ್ಟು ಹೋಗಿ, ಖಾತೆ ಕಳೆದುಕೊಂಡು, ಈಗ ಮಗುವಿನೊಂದಿಗೆ ಮರಳಿದ್ದಳು.

"ಈಗ ಬಲು ಸುಲಭವಂತೆ, ಅಲ್ವೇನಮ್ಮ?" ಎಂದಳು, ನಾಗವೇಣಿಯ ಗುರುತು ಹಿಡಿಯದೆ. "ನಾಳೆಯಿಂದ ನಂಗೆ ಡ್ಯೂಟಿ. ಬೇಗ ಮುಗಿಸಿಬಿಡು."

"ಒಂದೇ ನಿಮಿಷ ಅಕ್ಕ. ಯಾವ್ದು ತಗೊಳ್ಲಿ?"

"ಯಾವ್ದಾದ್ರೂ ತಗೋ. ನನ್ನ ಪವನ ಮೊದಲನೇ ಸಲ ನಕ್ಕಿದ್ದೊಂದು ಬಿಟ್ಟು."

ನಾಗವೇಣಿಯ ಬೆರಳು ಅಲ್ಲೇ ನಿಂತಿತು. ತಾನು ಬಳಗ ಸೇರಲು ಬಂದ ದಿನ ಅವಳೂ ಮಗಳ ಮೊದಲ ನಗುವಿನ ಬಗ್ಗೆ ಹೀಗೇ ಬಾಯಿಬಿಟ್ಟಿದ್ದಳು. "ಹಾಗಾದ್ರೆ ಅದೇ ಬೇಕು," ಎಂದು ಈ ವಿಶಾಲಾಕ್ಷಿ ಕಿಸಕ್ಕನೆ ನಕ್ಕಿದ್ದಳು.

"ಅದನ್ನೇ ಕೊಡಿ ಅಕ್ಕ."

"ಅಯ್ಯೋ, ನೀನೂ ಒಬ್ಳು ತಾಯಿ ಅಲ್ವೇನೇ?"

"ಅವತ್ತೂ ತಾಯಿನೇ ಆಗಿದ್ದೆ."

ವಿಶಾಲಾಕ್ಷಿ ಅವಳನ್ನು ದಿಟ್ಟಿಸಿ ನೋಡಿದಳು. ಗುರುತು ಸಿಕ್ಕಿತು. ತೊಡೆಯ ಮೇಲಿನ ಮಗುವನ್ನು ಅವಚಿಕೊಂಡು, ಕಣ್ಣು ಮುಚ್ಚಿ, ಆಗಲಿ ಎಂದು ತಲೆಯಾಡಿಸಿದಳು. ನಾಗವೇಣಿ ಗುಂಡಿ ಒತ್ತಿದಳು.

"ಆಯ್ತು, ಒಳಗೆ ಬನ್ನಿ. ಮಗ ದೊಡ್ಡೋನಾಗಿ ಕೇಳಿದ್ರೆ, ನೀನು ತುಂಬ ಚೆನ್ನಾಗಿ ನಕ್ಕಿದ್ದೆ ಅಂತ ಹೇಳಿ. ನಾನೂ ನನ್ನ ಮಗಳಿಗೆ ಹಾಗೇ ಹೇಳೋದು."