ತಪ್ಪು ಓದುವ ಟೀಚರು

ಉಂಡ ಅನ್ನದಾಣೆ, ಇದು ನಡೆದದ್ದೇ. ಪಂಕಜಾ ಟೀಚರು ತರಬೇತಿಯಲ್ಲಿ ಕಲಿತ ಉಪಾಯದಂತೆ ಪಾಠವನ್ನು ಬೇಕೆಂದೇ ತಪ್ಪಾಗಿ ಓದುತ್ತಿದ್ದರು. ತಪ್ಪು ಹಿಡಿಯುವ ಖುಷಿಗೆ ಮಕ್ಕಳು ಒಂದಕ್ಷರವನ್ನೂ ಬಿಡದೆ ಓದುತ್ತಿದ್ದರು.

ಒಂದು ದಿನ ಶಾಲಾ ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

“ಆನೆ ಇಡ್ಲಿ ತಿಂದಿತು,” ಎಂದು ಟೀಚರು ಓದಿದರು.

“ಅಯ್ಯೋ ಮಿಸ್, ಇಡ್ಲಿ ಅಲ್ಲ, ಕಬ್ಬು! ಕಣ್ಬಿಟ್ಟು ನೋಡಿ!” ಇಡೀ ಕ್ಲಾಸು ಕುಣಿಯಿತು.

ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿದರು. “ಏನಮ್ಮಾ, ಓದೋಕೇ ಬರದೆ ಟೀಚರಾ? ಕೆಲಸ ಹೋಗುತ್ತೆ ನೋಡಿ!”

ಟೀಚರು ಪುಸ್ತಕ ಕೆಳಗಿಟ್ಟರು. “ಬೇಕೂಂತಲೇ ತಪ್ಪು ಓದ್ದೆ ಸಾರ್. ಬೇಕಾದ್ರೆ ಮಕ್ಕಳನ್ನೇ ಕೇಳಿ.”

ಅವರು ಕೇಳಿದರು. ಮುಂದಿನ ಸಾಲಿನ ಹುಡುಗಿ ಎದ್ದು ಬಂದು ಟೀಚರ ಕೈ ಹಿಡಿದುಕೊಂಡಳು.

“ಬೈಬೇಡಿ ಸಾರ್, ಪಾಪ. ದಿನಾ ನಾವೇ ಕಲಿಸ್ತಾ ಇದೀವಿ. ಮೊದಲಿಗಿಂತ ಈಗ ಎಷ್ಟೋ ವಾಸಿ!”

ನಗ್ತೀರಾ? ಹಾಗಾದ್ರೆ ನಿಜ ಗೊತ್ತಿರೋ ನೀವೇ ಟೀಚರ ಪರ ಸಾಕ್ಷಿ ಹೇಳೋಕೆ ಬರಬೇಕು.